ಡಾಸ್ ಇನ್ನೂ ಸತ್ತಿಲ್ಲ, ಹಳೇ ಡಬ್ಬ ಗುಜರಿಗೆ ಹಾಕಬೇಡಿ!

(ಬಡಾವಣೆಯ ಕನ್ನಡ ಹುಡುಗರು ಸೇರಿದ್ದ ಒಂದು ಸಂಜೆ ಆಡಿದ ಮಾತು. ಓದುವ ನಿಮಗಾಗಿ ಅಲ್ಲಲ್ಲಿ ತಿದ್ದಿ ಕೊಟ್ಟಿದ್ದೇನೆ.)



ನಾನು ಭಾಷಣಕಾರನಲ್ಲ, ಪ್ರೆಸ್ಸಿನವನು. ಪಿಯುಸಿ ಮುಗಿಸಿ 1997ರಲ್ಲಿ ಅಪ್ಪನ ಪ್ರೆಸ್ಸಿಗೆ ಬಂದೆ. ಇವತ್ತಿನವರೆಗೂ ಅಲ್ಲೇ ಇದ್ದೇನೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ, ವರ್ಷಕ್ಕೆ ಒಂದೋ ಎರಡೋ ಪುಸ್ತಕ. ನವೆಂಬರ್ ಬಂತೆಂದರೆ ನಿಮ್ಮಂಥವರ ರಾಜ್ಯೋತ್ಸವದ ರಸೀದಿ ಪುಸ್ತಕ! ನಿಮ್ಮಲ್ಲಿ ಅರ್ಧದಷ್ಟು ಜನ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವವರು. ನಿಮ್ಮ ಮುಂದೆ ಕಂಪ್ಯೂಟರ್ ಬಗ್ಗೆ ಮಾತಾಡಿ ಅಂದಾಗ ಮೀನಿಗೆ ಈಜು ಕಲಿಸಲು ಹೊರಟ ಹಾಗಾಯಿತಲ್ಲ ಅನ್ನಿಸಿತು. ಆದರೂ ಒಪ್ಪಿಕೊಂಡೆ. ಯಾಕೆಂದರೆ ನಾನು ಹೇಳಹೊರಟಿರುವ ಕಂಪ್ಯೂಟರ್ ನಿಮ್ಮಲ್ಲಿ ಬಹಳಷ್ಟು ಜನ ಹುಟ್ಟುವ ಮೊದಲಿನದು.

ಕಪ್ಪು ಪರದೆ. ಎಡಗಡೆ 'ಸಿ' ಅಂತ ಒಂದಕ್ಷರ. ಅದರ ಮುಂದೆ ಮಿಣಮಿಣ ಅನ್ನುವ ಗೆರೆ. ಮೌಸ್ ಇಲ್ಲ, ಚಿತ್ರ ಇಲ್ಲ. ಏನು ಬೇಕೋ ಅದನ್ನು ಬೆರಳಿನಿಂದ ಬರೆದು ಹೇಳಬೇಕು. ಅದೇ ಡಾಸ್. ಅಪ್ಪ 1996ರಲ್ಲಿ ಸೆಕೆಂಡ್ ಹ್ಯಾಂಡ್ 486 ಕಂಪ್ಯೂಟರ್ ತಂದಾಗ ಪಕ್ಕದ ಬೀದಿಯ ಹುಡುಗನೊಬ್ಬ ಕ್ಲಿಪ್ಪರ್ ಎಂಬ ಭಾಷೆಯಲ್ಲಿ ನಮ್ಮ ಪ್ರೆಸ್ಸಿಗೆಂದೇ ಒಂದು ಪ್ರೋಗ್ರಾಂ ಬರೆದುಕೊಟ್ಟ. ಗಿರಾಕಿ ಹೆಸರು, ಕೆಲಸ, ಕಾಗದದ ಅಳತೆ, ಎಷ್ಟು ರೀಮು, ಮುಂಗಡ ಎಷ್ಟು, ಬಾಕಿ ಎಷ್ಟು. ಎಫ್2 ಒತ್ತಿದರೆ ಹೊಸ ಕೆಲಸ, ಎಫ್5 ಒತ್ತಿದರೆ ಬಿಲ್ಲು. ಟ್ರೆಡಲ್ ಮಷೀನ್ ತುಳಿದು ತುಳಿದು ಮೊಣಕಾಲು ಸವೆದಿದ್ದ ಅಪ್ಪ, ಇಂಗ್ಲಿಷ್ ಸರಿಯಾಗಿ ಓದಲು ಬಾರದಿದ್ದರೂ, ಅದನ್ನು ಕಣ್ಣುಮುಚ್ಚಿ ನಡೆಸುತ್ತಿದ್ದ. ಆ ಪ್ರೋಗ್ರಾಂ 27 ವರ್ಷ ಓಡಿತು. ಕಂಪ್ಯೂಟರ್ ಮೂರು ಸಲ ಬದಲಾಯಿತು, ಪ್ರೋಗ್ರಾಂ ಬದಲಾಗಲಿಲ್ಲ.

2023ರಲ್ಲಿ ನಾಲ್ಕನೆಯ ಕಂಪ್ಯೂಟರ್ ತಂದೆ. ವಿಂಡೋಸ್ 11. ಫೋಲ್ಡರ್ ಕಾಪಿ ಮಾಡಿ ಎರಡು ಸಲ ಒತ್ತಿದೆ. ಈ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ಓಡುವುದಿಲ್ಲ ಅಂತ ಒಂದು ಪೆಟ್ಟಿಗೆ ಬಂತು, ಮುಗಿಯಿತು. ಕಂಪ್ಯೂಟರ್ ಮಾರಿದವನಿಗೆ ಫೋನ್ ಮಾಡಿದೆ. "ಸಾರ್, ಅದು ಓಬೀರಾಯನ ಕಾಲದ್ದು. ಬಿಸಾಕಿ. ವರ್ಷಕ್ಕಿಷ್ಟು ಅಂತ ಕಟ್ಟಿದರೆ ಹೊಸ ಸಾಫ್ಟ್‌ವೇರ್ ಹಾಕಿಕೊಡ್ತೀನಿ" ಅಂದ. ನನ್ನ 27 ವರ್ಷದ ಗಿರಾಕಿಗಳ ಲೆಕ್ಕ ಏನಾಗಬೇಕಪ್ಪ ಅಂದೆ. "ಟೈಪ್ ಮಾಡಿಸ್ಕೊಳ್ಳಿ ಸಾರ್" ಅಂದ. ಎಷ್ಟು ಸಲೀಸು ನೋಡಿ! ಬೇರೆಯವರ ಮನೆಯ ದಿನಸಿ ಚೆಲ್ಲುವುದು ಯಾವಾಗಲೂ ಸಲೀಸೇ.

ಹಾಗಾದರೆ ಅದು ಯಾಕೆ ಓಡಲಿಲ್ಲ? ಇದನ್ನು ತಿಳಿದುಕೊಳ್ಳದೆ ಬರೀ ಬೈದುಕೊಂಡು ಕೂತರೆ ಪ್ರಯೋಜನವಿಲ್ಲ. ನನಗೆ ಅರ್ಥವಾದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಇಂಟೆಲ್ ಕಂಪನಿ 1978ರಲ್ಲಿ 8086 ಎಂಬ ಚಿಪ್ ಮಾಡಿತು. 16 ಬಿಟ್ಟಿನ ಚಿಪ್. 1981ರ ಐಬಿಎಂ ಪಿಸಿಯಲ್ಲಿ ಇದ್ದದ್ದೂ ಅದೇ ಮನೆತನದ್ದು, ಡಾಸ್ ಹುಟ್ಟಿದ್ದೂ ಅದರ ಮೇಲೆ. 1985ರಲ್ಲಿ 80386 ಬಂದಾಗ ಇಂಟೆಲ್ ಒಂದು ಜಾಣತನ ಮಾಡಿತು. ದೊಡ್ಡ ಮನೆ ಕಟ್ಟುವಾಗ ಅಜ್ಜನಿಗೆಂದು ಒಂದು ಕೋಣೆ ಬಿಡುತ್ತೇವಲ್ಲ, ಹಾಗೆ ಹೊಸ ಚಿಪ್ಪಿನೊಳಗೆ ಹಳೆಯ 8086ರಂತೆಯೇ ನಡೆದುಕೊಳ್ಳುವ ಒಂದು ಕೋಣೆ ಬಿಟ್ಟಿತು. ವರ್ಚುವಲ್ 8086 ಅಂತ ಅದರ ಹೆಸರು. ವಿಂಡೋಸ್ ಎಕ್ಸ್‌ಪಿಯಲ್ಲಿ, 32 ಬಿಟ್ಟಿನ ವಿಂಡೋಸ್ 7ರಲ್ಲಿ ನಮ್ಮ ಪ್ರೋಗ್ರಾಂ ಓಡುತ್ತಿದ್ದುದು ಈ ಕೋಣೆಯಲ್ಲಿ. ಎನ್‌ಟಿವಿಡಿಎಂ ಎಂಬ ಭಾಗ ಬಾಗಿಲು ಕಾಯುತ್ತಿತ್ತು. 2003ರಲ್ಲಿ ಎಎಂಡಿ ಕಂಪನಿ 64 ಬಿಟ್ಟಿನ ಚಿಪ್ ತಂದಿತು, ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಚಿಪ್ಪು 64 ಬಿಟ್ಟಿನಲ್ಲಿ ನಡೆಯುವಾಗ ಅಜ್ಜನ ಕೋಣೆ ಇರುವುದಿಲ್ಲ. ಹಾಗಾಗಿ 64 ಬಿಟ್ಟಿನ ವಿಂಡೋಸಿನಲ್ಲಿ ಮೈಕ್ರೋಸಾಫ್ಟ್ ಆ ಬಾಗಿಲನ್ನೇ ಇಡಲಿಲ್ಲ. ವಿಂಡೋಸ್ 10ರವರೆಗೆ 32 ಬಿಟ್ಟಿನದೂ ಒಂದು ಸಿಗುತ್ತಿತ್ತು. 2021ರಲ್ಲಿ ಬಂದ ವಿಂಡೋಸ್ 11ರಲ್ಲಿ ಅದೂ ಇಲ್ಲ. ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದರೆ ಈಗ ಹೊಸ ಕಂಪ್ಯೂಟರ್ ತಂದವರೆಲ್ಲ ನಾನು ನಿಂತ ಜಾಗದಲ್ಲೇ ಬಂದು ನಿಲ್ಲಬೇಕು.

ಇಲ್ಲಿ ಒಂದು ಮೋಸ ಇದೆ, ಎಚ್ಚರ. ಹೊಸ ವಿಂಡೋಸಿನಲ್ಲೂ ಕಮಾಂಡ್ ಪ್ರಾಂಪ್ಟ್ ಅಂತ ಒಂದು ಕಪ್ಪು ಪರದೆ ತೆರೆಯುತ್ತದೆ. ಡಿಐಆರ್ ಅಂತ ಬರೆದರೆ ಪಟ್ಟಿ ಕೊಡುತ್ತದೆ. ಅದನ್ನು ನೋಡಿ ಡಾಸ್ ಇದೆ ಅಂದುಕೊಳ್ಳಬೇಡಿ. ಅದು ವಿಂಡೋಸ್ ಪ್ರೋಗ್ರಾಮೇ, ವೇಷ ಮಾತ್ರ ಡಾಸಿನದು. ಬಲಗಡೆ ಬಟನ್ ಒತ್ತಿ 'ಕಂಪ್ಯಾಟಿಬಿಲಿಟಿ' ಅಂತ ಎಲ್ಲ ಟಿಕ್ ಹಾಕಿ ನೋಡಿದೆ ನಾನು, ಎರಡು ದಿನ. ಇಲ್ಲದ ಕೋಣೆಯ ಬಾಗಿಲು ಎಷ್ಟು ತಟ್ಟಿದರೂ ಅಷ್ಟೇ.

ದಾರಿ ತೋರಿಸಿದವನು ನನ್ನ ಅಕ್ಕನ ಮಗ. ಇಂಜಿನಿಯರಿಂಗ್ ಓದುತ್ತಿದ್ದ, ಆಟದ ಹುಚ್ಚ. "ಮಾಮ, ಹಳೇ ಆಟ ಆಡೋಕೆ ಡಾಸ್‌ಬಾಕ್ಸ್ ಅಂತ ಇದೆ, ಅದರಲ್ಲಿ ನೋಡೋಣ" ಅಂದ. 2002ರಿಂದ ಇರುವ ಪುಕ್ಕಟೆ ಪ್ರೋಗ್ರಾಂ ಅದು. ಮಾಡಿದ್ದೇ ಆಟಗಳಿಗಾಗಿ. ಅದು ಅಜ್ಜನ ಕೋಣೆ ಹುಡುಕುವುದಿಲ್ಲ. ಪೂರ್ತಿ ಹಳೇ ಕಂಪ್ಯೂಟರಿನ ನಾಟಕವನ್ನೇ ಆಡುತ್ತದೆ, ಚಿಪ್ಪು, ಪರದೆ, ಕೀಲಿಮಣೆ ಎಲ್ಲವೂ ತಾನೇ ಆಗಿ. ಹಾಗಾಗಿ ಕೆಳಗೆ ವಿಂಡೋಸ್ 11 ಇದ್ದರೂ ಸರಿ, ಲಿನಕ್ಸ್ ಇದ್ದರೂ ಸರಿ.

ಮಾಡುವುದು ಇಷ್ಟೇ. ಪ್ರೋಗ್ರಾಂ ಇರುವ ಫೋಲ್ಡರನ್ನು ಹಾಗೇ ಹೊಸ ಕಂಪ್ಯೂಟರಿಗೆ ಕಾಪಿ ಮಾಡಿ. ಹೆಸರು ಎಂಟು ಅಕ್ಷರ ಮೀರದಿರಲಿ, ಡಾಸಿಗೆ ಅದಕ್ಕಿಂತ ಉದ್ದ ತಿಳಿಯುವುದಿಲ್ಲ. ಡಾಸ್‌ಬಾಕ್ಸ್ ತೆರೆದು 'ಮೌಂಟ್' ಆಜ್ಞೆ ಕೊಟ್ಟು ಆ ಫೋಲ್ಡರನ್ನೇ ಸಿ ಡ್ರೈವ್ ಅಂತ ನಂಬಿಸಿ. ಆಮೇಲೆ ಹಳೇ ದಿನಗಳಂತೆ ಹೆಸರು ಬರೆದು ಎಂಟರ್ ಒತ್ತಿ. ನಿಧಾನ ಅನ್ನಿಸಿದರೆ ಕಂಟ್ರೋಲ್ ಜೊತೆ ಎಫ್12 ಒತ್ತುತ್ತಾ ಹೋಗಿ, ವೇಗ ಏರುತ್ತದೆ, ಎಫ್11 ಒತ್ತಿದರೆ ಇಳಿಯುತ್ತದೆ. ವೇಗ ಇಳಿಸುವುದು ಯಾಕೆ ಬೇಕು ಅಂತೀರಾ? ಟರ್ಬೋ ಪ್ಯಾಸ್ಕಲ್ ಎಂಬುದರಲ್ಲಿ ಬರೆದ ಎಷ್ಟೋ ಪ್ರೋಗ್ರಾಮುಗಳು ಕಂಪ್ಯೂಟರ್ ವೇಗವಾದ ತಪ್ಪಿಗೇ 'ರನ್‌ಟೈಮ್ ಎರರ್ 200' ಅಂತ ಕೂತುಬಿಡುತ್ತವೆ. ಅವು ಶುರುವಾಗುವಾಗ ಕಂಪ್ಯೂಟರಿನ ವೇಗ ಅಳೆಯಲು ಒಂದು ಭಾಗಾಕಾರ ಮಾಡುತ್ತವೆ. ಬಂದ ಉತ್ತರ ಅದಕ್ಕೆಂದು ಇಟ್ಟ ಜಾಗದಲ್ಲಿ ಹಿಡಿಸುವುದಿಲ್ಲ!

ಅವತ್ತು ಸಂಜೆ ನಮ್ಮ ನೀಲಿ ಪರದೆ ಮತ್ತೆ ಬಂತು. ಅಪ್ಪ 1996ರಲ್ಲಿ ನಮೂದಿಸಿದ ಮೊದಲ ಬಿಲ್ಲು, 500 ಲಗ್ನಪತ್ರಿಕೆ, ಬಾಕಿ 40 ರೂಪಾಯಿ. ಅಪ್ಪ ಈಗಿಲ್ಲ. ಬಾಕಿ ಹಾಗೇ ಇದೆ.

ಪೂರ್ತಿ ಗೆದ್ದೆವು ಅಂತ ಅಲ್ಲ. ಬಿಲ್ಲು ಅಚ್ಚಾಗಲಿಲ್ಲ. ಹಳೇ ಪ್ರೋಗ್ರಾಂ ಅಕ್ಷರಗಳನ್ನು ನೇರ ಎಲ್‌ಪಿಟಿ1 ಎಂಬ ಅಗಲದ ಸಾಕೆಟಿಗೆ ಕಳಿಸುತ್ತಿತ್ತು. ಹೊಸ ಕಂಪ್ಯೂಟರಿನಲ್ಲಿ ಆ ಸಾಕೆಟೇ ಇಲ್ಲ. ಮಾಮೂಲಿ ಡಾಸ್‌ಬಾಕ್ಸಿಗೂ ಪ್ರಿಂಟರಿನ ಗೊಡವೆ ಇಲ್ಲ, ಆಟ ಆಡುವವನಿಗೆ ಬಿಲ್ಲು ಯಾಕೆ! ಅದರದೇ ಕವಲು ಡಾಸ್‌ಬಾಕ್ಸ್-ಎಕ್ಸ್. ಅದರಲ್ಲಿ ಪ್ರಿಂಟಿಗೆ ಹೋಗುವುದನ್ನು ಒಂದು ಫೈಲಿಗೆ ತಿರುಗಿಸಬಹುದು. ಆ ಫೈಲನ್ನು ಶೇರ್ ಮಾಡಿದ ಡಾಟ್ ಮ್ಯಾಟ್ರಿಕ್ಸಿಗೆ 'ಕಾಪಿ ಸ್ಲಾಷ್ ಬಿ' ಆಜ್ಞೆಯಿಂದ ತಳ್ಳಿದರೆ ಕಾರ್ಬನ್ ಇಟ್ಟ ಮೂರು ಪ್ರತಿ ಹೊರಬರುತ್ತವೆ. ವಿಡಾಸ್ ಎಂಬ ಇನ್ನೊಂದು ಇದೆ, ಅದು ಇಂಥ ಲೆಕ್ಕಪತ್ರದ ಪ್ರೋಗ್ರಾಮುಗಳಿಗಾಗಿಯೇ ಮಾಡಿದ್ದು. ಒಂದು ಮಾತು ನೆನಪಿಡಿ. ಪ್ರೋಗ್ರಾಮಿನಿಂದ ಸರಿಯಾಗಿ ಹೊರಬರದೆ ಕಿಟಕಿಯ ಮೂಲೆಯ ಗುಣಿಸು ಚಿಹ್ನೆ ಒತ್ತಿದಿರೋ, ಇಂಡೆಕ್ಸ್ ಫೈಲು ಕೆಟ್ಟು ಲೆಕ್ಕ ತಲೆಕೆಳಗು. ನಮ್ಮ ಹುಡುಗ ಎರಡು ಸಲ ಮಾಡಿದ. ಒಂದೇ ಲೆಕ್ಕವನ್ನು ಎರಡು ಕಂಪ್ಯೂಟರಿನಿಂದ ಒಟ್ಟಿಗೆ ತೆರೆಯುವುದೂ ಬೇಡ.

ಇಷ್ಟು ಕಲಿತು ಮೀಸೆ ತಿರುವುತ್ತಿದ್ದೆ. ಅಷ್ಟರಲ್ಲಿ, 2024ರಲ್ಲಿ, ಒಬ್ಬ ಹೆಣ್ಣುಮಗಳು ಪ್ರೆಸ್ಸಿಗೆ ಬಂದರು. ನಾನು ಇವತ್ತು ಇಲ್ಲಿ ನಿಂತಿರುವುದು ಆ ಕಾರಣಕ್ಕೆ.

ನಮ್ಮ ಕಡೆ ಒಬ್ಬರು ಮೇಷ್ಟ್ರಿದ್ದರು. ಕಸುಬಿನ ಮಾತುಗಳನ್ನು ಕೂಡಿಹಾಕುವುದು ಅವರ ಹುಚ್ಚು. ನೇಕಾರರ ಮಗ್ಗದ ಮಾತು, ಕುಂಬಾರರ ತಿಗರಿಯ ಮಾತು, ಗಾಣದವರ ಮಾತು. ಕೊನೆಯ ಅಧ್ಯಾಯಕ್ಕೆಂದು ನಮ್ಮ ಪ್ರೆಸ್ಸಿಗೇ ಬಂದು ಮೊಳೆ ಜೋಡಿಸುವ ಕಂಪಾಸಿಟರುಗಳ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಬರೆದುಕೊಂಡರು. 1998ರಲ್ಲಿ ಎಲ್ಲವನ್ನೂ ನಮ್ಮಲ್ಲೇ ಟೈಪ್ ಮಾಡಿಸಿದರು. ಅಧ್ಯಾಯಕ್ಕೊಂದರಂತೆ ನಾಲ್ಕು ಫ್ಲಾಪಿ. ದುಡ್ಡು ಹೊಂದಲಿಲ್ಲ, ಪುಸ್ತಕ ಅಚ್ಚಾಗಲಿಲ್ಲ. 2009ರಲ್ಲಿ ಮೇಷ್ಟ್ರು ತೀರಿಕೊಂಡರು. ಮನೆ ಕೆಡವಿ ಕಟ್ಟುವಾಗ ಕೈಬರಹದ ಪುಸ್ತಕ, ಪ್ರೂಫು ಎಲ್ಲ ಹೋದವು. ಉಳಿದದ್ದು ಆ ನಾಲ್ಕು ಫ್ಲಾಪಿ. ಮಗಳು ಅದನ್ನು ಹಿಡಿದು ಬಂದು, "ಅಣ್ಣಾ, ಇದನ್ನು ಈಗ ಅಚ್ಚು ಹಾಕಿಸ್ತೀನಿ, ಎಷ್ಟಾಗುತ್ತೆ?" ಅಂದರು. "ಬಿಡಿ ಅಕ್ಕಾ, ತೆಗೆದುಕೊಡ್ತೀನಿ" ಅಂತ ಜಂಬದಲ್ಲಿ ಹೇಳಿಬಿಟ್ಟೆ.

ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿದೆ. ಮೂರೂವರೆ ಇಂಚಿನದಾದ್ದರಿಂದ ಬಚಾವ್, ಐದೂಕಾಲು ಇಂಚಿನ ಹಳೇದನ್ನು ಈ ಡ್ರೈವ್ ಓದುವುದಿಲ್ಲ. ಮೂರು ಫ್ಲಾಪಿ ಓದಿತು. ನಾಲ್ಕನೆಯದು ಕರಕರ ಅಂದು ನಿಂತಿತು. ಅದು ಇರಲಿ, ಮೊದಲು ಮೂರನ್ನು ನೋಡೋಣ ಅಂತ ಅದೇ ಹಳೇ ಎಡಿಟರನ್ನು ಡಾಸ್‌ಬಾಕ್ಸಿನಲ್ಲಿ ಎಬ್ಬಿಸಿದೆ. ಚೆನ್ನಾಗಿ ಎದ್ದಿತು. ಫೈಲೂ ತೆರೆಯಿತು. ಪರದೆ ತುಂಬ ಏನು ಗೊತ್ತೇ? ಗೆರೆ! ನಿಂತ ಗೆರೆ, ಮಲಗಿದ ಗೆರೆ, ಜೋಡಿ ಗೆರೆ, ಮೂಲೆ ಗೆರೆ. ನಡುನಡುವೆ ಸೊನ್ನೆಗೆ ಕಡ್ಡಿ ಚುಚ್ಚಿದಂಥ ಒಂದು ಗುರುತು. ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಪ್ರೋಗ್ರಾಂ ಬದುಕಿದೆ, ಕನ್ನಡ ಇಲ್ಲ!

ಆಗ ನೆನಪಾಯಿತು. ನಮ್ಮ 486ರ ಹೊಟ್ಟೆಯಲ್ಲಿ ಒಂದು ಕಾರ್ಡ್ ಇತ್ತು. ಜಿಸ್ಟ್ ಕಾರ್ಡ್. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ತಂತ್ರ. ಇಂಗ್ಲಿಷ್ ಬಿಟ್ಟು ಬೇರೆ ತಿಳಿಯದ ಡಾಸಿನ ಪ್ರೋಗ್ರಾಮುಗಳಲ್ಲಿ ಕನ್ನಡ ಬರೆಸುತ್ತಿದ್ದುದು ಈ ಕಾರ್ಡು. ಡಾಸಿಗೆ ಕನ್ನಡ ಗೊತ್ತಿರಲೇ ಇಲ್ಲ. ಅದು ಬರೀ ಅಂಕಿ ಇಟ್ಟುಕೊಳ್ಳುತ್ತಿತ್ತು, ಪರದೆಗೆ ಹೋಗುವ ದಾರಿಯಲ್ಲಿ ಕಾರ್ಡು ಆ ಅಂಕಿಗೆ ಕನ್ನಡದ ರೂಪ ಕೊಡುತ್ತಿತ್ತು. ಆ ಕಾರ್ಡು ಎಲ್ಲಿ? 2006ರಲ್ಲಿ ಹಳೇ ಕಂಪ್ಯೂಟರನ್ನು ಕೆಜಿ ಲೆಕ್ಕದಲ್ಲಿ ಗುಜರಿಯವನಿಗೆ ತೂಗಿಕೊಟ್ಟವನು ಬೇರೆ ಯಾರೂ ಅಲ್ಲ, ನಾನೇ. ಕಾರ್ಡು ಇದ್ದಿದ್ದರೂ ಅದನ್ನು ಸಿಕ್ಕಿಸುವ ಐಎಸ್ಎ ಜಾಗ ಹೊಸ ಕಂಪ್ಯೂಟರಿನಲ್ಲಿಲ್ಲ ಅನ್ನುವುದು ಬೇರೆ ಮಾತು. ಡಾಸ್‌ಬಾಕ್ಸು ಚಿಪ್ಪಿನ ನಾಟಕ ಆಡುತ್ತದೆ, ಸೌಂಡ್ ಕಾರ್ಡಿನ ನಾಟಕವನ್ನೂ ಆಡುತ್ತದೆ. ನಮ್ಮ ಕನ್ನಡದ ಕಾರ್ಡಿನ ಪಾತ್ರ ಮಾತ್ರ ಅದಕ್ಕೆ ಗೊತ್ತಿಲ್ಲ.

ಆ ಗೆರೆಗಳ ಗುಟ್ಟು ಬಿಡಿಸಿದ್ದು ಮತ್ತೆ ಅಕ್ಕನ ಮಗನೇ. ಭಾರತದ ಲಿಪಿಗಳಿಗೆಂದು 1991ರಲ್ಲಿ ಇಸ್ಕಿ ಎಂಬ ಅಂಕಿ ಕೋಷ್ಟಕವೊಂದು ಮಾನಕವಾಯಿತು. ಅದರಲ್ಲಿ 'ಕ' ಅಂದರೆ 179. ಅದೇ 179 ಐಬಿಎಂ ಪಿಸಿಯ ಮಾಮೂಲಿ ಕೋಷ್ಟಕದಲ್ಲಿ ಒಂದು ನಿಂತ ಗೆರೆ. 'ಜ' ಅಂದರೆ 186, ಪಿಸಿಗೆ ಅದು ಜೋಡಿ ನಿಂತ ಗೆರೆ. 'ದ' 196, ಮಲಗಿದ ಗೆರೆ. 'ಯ' 205, ಜೋಡಿ ಮಲಗಿದ ಗೆರೆ. 'ಕ'ದಿಂದ 'ಹ'ದವರೆಗಿನ ನಮ್ಮ ವ್ಯಂಜನಗಳೆಲ್ಲ ಪಿಸಿಯವರು ಚೌಕ ಎಳೆಯಲು ಇಟ್ಟುಕೊಂಡ ಜಾಗದಲ್ಲೇ ಸಾಲಾಗಿ ಕೂತಿವೆ! ಒತ್ತಕ್ಷರ ಮಾಡುವ ಅರ್ಧಾಕ್ಷರದ ಗುರುತು 232, ಅದೇ ಆ ಕಡ್ಡಿ ಚುಚ್ಚಿದ ಸೊನ್ನೆ, ಗ್ರೀಕರ ಫೈ. ನನ್ನ ಮೇಷ್ಟ್ರ ಪುಸ್ತಕ ಎಲ್ಲೂ ಹೋಗಿರಲಿಲ್ಲ. ಕಣ್ಣೆದುರೇ ಗೆರೆಯ ವೇಷದಲ್ಲಿ ನಿಂತಿತ್ತು.

ಈಗಿನ ಯೂನಿಕೋಡಿನಲ್ಲಿ ನಮ್ಮ ಅಕ್ಷರಗಳ ಸಾಲು ಹಾಕುವಾಗ ಇಸ್ಕಿಯ ಸಾಲನ್ನೇ ಆಧಾರ ಮಾಡಿಕೊಂಡಿದ್ದಾರೆ. ಹಾಗಾಗಿ 179 ಕಂಡಲ್ಲಿ 'ಕ' ಬರೆ, 186 ಕಂಡಲ್ಲಿ 'ಜ' ಬರೆ ಅಂತ ಹುಡುಗ ಒಂದು ಸಣ್ಣ ಪ್ರೋಗ್ರಾಂ ಬರೆದ. ಒಂದು ರಾತ್ರಿ ಹಿಡಿಯಿತು. ಆಮೇಲೆ ಗೊತ್ತಾದದ್ದು, ವಿಂಡೋಸಿನ ಒಳಗೇ ಇಸ್ಕಿ ಕನ್ನಡದ ಕೋಷ್ಟಕ ಇದೆಯಂತೆ, ಅದರ ನಂಬರು 57008. ಪವರ್‌ಶೆಲ್ಲಿನಲ್ಲಿ ನಾಲ್ಕು ಸಾಲು ಬರೆದರೆ ಅದೇ ಬದಲಿಸಿಕೊಡುತ್ತದೆ. ಮೈಕ್ರೋಸಾಫ್ಟಿನವರು ಇಟ್ಟಿದ್ದಾರೆ, ನಮಗೆ ಯಾರೂ ಹೇಳಲಿಲ್ಲ! ಬೆಳಿಗ್ಗೆ ಪರದೆ ಮೇಲೆ ನೇಕಾರರ ಅಧ್ಯಾಯ ಕನ್ನಡದಲ್ಲಿ ಎದ್ದು ನಿಂತಾಗ ನಾನು ಆ ಅಕ್ಕನಿಗೆ ಫೋನ್ ಮಾಡಿ ಮೊದಲ ಪುಟ ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಎಲ್ಲ ಹಳೇ ಕನ್ನಡ ಫೈಲೂ ಹೀಗೆ ಸಲೀಸಾಗಿ ಬರುತ್ತದೆ ಅಂದುಕೊಳ್ಳಬೇಡಿ. ಕಾರ್ಡ್ ಬೇಡದೆ ತಾನೇ ಪರದೆ ಮೇಲೆ ಅಕ್ಷರ ಬಿಡಿಸುತ್ತಿದ್ದ ಡಾಸ್ ಪ್ರೋಗ್ರಾಮುಗಳಿದ್ದವು. ಅವು ತಮ್ಮತಮ್ಮದೇ ಅಂಕಿ ಇಟ್ಟುಕೊಂಡಿದ್ದವು. ತಲೆಕಟ್ಟಿಗೊಂದು, ಕೊಂಬಿಗೊಂದು, ಒತ್ತಿಗೊಂದು. ಕೋಷ್ಟಕ ಸಿಗದಿದ್ದರೆ ಫೈಲು ಬರೀ ಕಸ. ಆದರೆ ಇಲ್ಲಿ ಉಲ್ಟಾ ಅನುಕೂಲ ಒಂದಿದೆ. ಅಕ್ಷರ ಬಿಡಿಸುವವನು ಪ್ರೋಗ್ರಾಮಿನ ಒಳಗೇ ಇರುವುದರಿಂದ ಡಾಸ್‌ಬಾಕ್ಸಿನಲ್ಲಿ ಓಡಿಸಿದರೆ ಪರದೆ ಮೇಲೆ ಕನ್ನಡ ಕಾಣುತ್ತದೆ. ಕಂಟ್ರೋಲ್ ಎಫ್5 ಒತ್ತಿ ಪುಟಪುಟವಾಗಿ ಚಿತ್ರ ತೆಗೆದಿಟ್ಟುಕೊಳ್ಳಿ, ಆಮೇಲೆ ಕೂತು ಟೈಪ್ ಮಾಡಿ. ಅಂದರೆ ಒಂದು ಕಡೆ ಪ್ರೋಗ್ರಾಂ ಇಲ್ಲದಿದ್ದರೂ ಫೈಲಿದ್ದರೆ ಸಾಕು, ಇನ್ನೊಂದು ಕಡೆ ಪ್ರೋಗ್ರಾಂ ಇಲ್ಲದಿದ್ದರೆ ಫೈಲಿದ್ದೂ ಉಪಯೋಗವಿಲ್ಲ. ಯಾವುದು ಯಾವ ಜಾತಿ ಅಂತ ನೋಡಿದ ಕೂಡಲೇ ಹೇಳಲಾಗುವುದಿಲ್ಲವಲ್ಲ, ಅದಕ್ಕೇ ಎರಡನ್ನೂ ಉಳಿಸಿ ಅನ್ನುತ್ತಿದ್ದೇನೆ. ಪ್ರಿಂಟರ್ ಸಾಕೆಟಿಗೆ ಬೀಗ ಸಿಕ್ಕಿಸಿದರೆ ಮಾತ್ರ ಓಡುತ್ತಿದ್ದ ಡಿಟಿಪಿ ಪ್ರೋಗ್ರಾಮುಗಳ ಕಥೆ ಇನ್ನೂ ಕಷ್ಟ. ಅದು ನನ್ನ ಕೈಲಾಗಿಲ್ಲ.

ಇಂಗ್ಲಿಷಿನವರನ್ನು ನೋಡಿ. ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬ ಹೆಸರಾಂತ ಕಾದಂಬರಿಕಾರ ತಾನು ಡಾಸ್ ಕಂಪ್ಯೂಟರಿನಲ್ಲಿ ವರ್ಡ್‌ಸ್ಟಾರ್ 4ರಲ್ಲಿ ಬರೆಯುತ್ತೇನೆ ಅಂತ 2014ರಲ್ಲಿ ಅಮೆರಿಕದ ಟಿವಿಯಲ್ಲಿ ಹೇಳಿದರು. ಕೆನಡಾದ ಲೇಖಕ ರಾಬರ್ಟ್ ಸಾಯರ್ 2024ರಲ್ಲಿ ವರ್ಡ್‌ಸ್ಟಾರ್ 7ನ್ನು ಅದರ ಕೈಪಿಡಿಗಳ ಸಮೇತ, ಡಾಸ್‌ಬಾಕ್ಸ್-ಎಕ್ಸ್ ಸಮೇತ ಗಂಟುಕಟ್ಟಿ ಯಾರು ಬೇಕಾದರೂ ತಗೊಳ್ಳಿ ಅಂತ ಇಟ್ಟರು. 1992ರ ಪ್ರೋಗ್ರಾಮಿಗೆ ಇಷ್ಟು ಆರೈಕೆ! ಮೈಕ್ರೋಸಾಫ್ಟ್ ಕೂಡ ಎಂಎಸ್-ಡಾಸ್ 4ರ ಮೂಲ ಬರಹವನ್ನೇ 2024ರಲ್ಲಿ ಬಯಲಿಗಿಟ್ಟಿತು. ಜಿಮ್ ಹಾಲ್ ಎಂಬ ವಿದ್ಯಾರ್ಥಿ 1994ರಲ್ಲಿ ಶುರುಮಾಡಿದ ಫ್ರೀಡಾಸ್ ಇವತ್ತಿಗೂ ಬೆಳೆಯುತ್ತಿದೆ. ನಮ್ಮ ಡಾಸ್ ಕಾಲದ ಕನ್ನಡ ಪ್ರೋಗ್ರಾಮುಗಳನ್ನು ಹೀಗೆ ಗಂಟುಕಟ್ಟಿ ಇಡುವವರು ಯಾರು? ಬೋರ್ಡಿನಲ್ಲಿ ಕನ್ನಡ ಇಲ್ಲ ಅಂತ ನಾವು ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ನಮ್ಮದೇ ಅಟ್ಟದ ಮೇಲಿನ ಡಬ್ಬದಲ್ಲಿ ಕನ್ನಡ ಕೊಳೆಯುತ್ತಿದ್ದರೆ ಯಾರ ಮುಂದೆ ಧರಣಿ ಕೂರೋಣ ಹೇಳಿ?

ಹಾಗಾಗಿ ನಿಮ್ಮನ್ನು ಕೇಳಿಕೊಳ್ಳುವುದು ದೊಡ್ಡದೇನಲ್ಲ. ನಿಮ್ಮ ಬೀದಿಯ ಹಳೇ ಪ್ರೆಸ್ಸು, ಸಹಕಾರ ಸಂಘ, ದೇವಸ್ಥಾನದ ಕಮಿಟಿ, ನಿವೃತ್ತ ಮೇಷ್ಟ್ರ ಮನೆ, ಅಲ್ಲಿ ಹೋಗಿ ಫ್ಲಾಪಿ ಇದೆಯಾ, ಹಳೇ ಕಂಪ್ಯೂಟರ್ ಇದೆಯಾ ಅಂತ ಕೇಳಿ. ಸಿಕ್ಕರೆ ಮೊದಲು ಓಡಿಸಲು ಹೋಗಬೇಡಿ, ಮೊದಲು ಕಾಪಿ ಮಾಡಿ. ಫ್ಲಾಪಿಯ ಮೂಲೆಯ ಕಿಂಡಿಯ ಗುಂಡಿ ಸರಿಸಿ ಕಿಂಡಿ ತೆರೆದಿರುವಂತೆ ಮಾಡಿ, ಆಗ ಅದರ ಮೇಲೆ ಅಕಸ್ಮಾತ್ ಬರೆದು ಕೆಡಿಸುವ ಭಯವಿಲ್ಲ. ಹೆಸರಿನ ಕೊನೆಯಲ್ಲಿ ಡಿಬಿಎಫ್ ಅಂತಿರುವ ಫೈಲು ಲಿಬ್ರೆಆಫೀಸಿನಲ್ಲಿ ನೇರವಾಗಿ ತೆರೆಯುತ್ತದೆ. ನನ್ನ 27 ವರ್ಷದ ಲೆಕ್ಕವನ್ನೂ ಹಾಗೇ ಹೊರತೆಗೆದು ಇಟ್ಟುಕೊಂಡಿದ್ದೇನೆ. ನಾಳೆ ಡಾಸ್‌ಬಾಕ್ಸೂ ಕೈಕೊಟ್ಟರೆ? ಕಂಪ್ಯೂಟರ್ ಮಾರಿದವನು ಟೈಪ್ ಮಾಡಿಸಿಕೊಳ್ಳಿ ಅಂದಿದ್ದು ಇದನ್ನೇ! ಅವನಿಗೆ ಈಗ ಹೇಳಿದೆ, ಅವನು ನಂಬಲಿಲ್ಲ.

ಮೇಷ್ಟ್ರ ಪುಸ್ತಕದ ಮೂರು ಅಧ್ಯಾಯ ಪ್ರೂಫ್ ನೋಡಿ ಮುಗಿದಿದೆ. ನಾಲ್ಕನೆಯದು ನಮ್ಮ ಪ್ರೆಸ್ಸಿನದೇ ಮಾತುಗಳ ಅಧ್ಯಾಯ, ಮೊಳೆ, ಗ್ಯಾಲಿ, ಸ್ಟಿಕ್ಕು. ನನಗೆ ನೆನಪಿದ್ದಷ್ಟು ಬರೆದೆ, ನಾಲ್ಕು ಪುಟವೂ ತುಂಬಲಿಲ್ಲ. ಅವತ್ತು ಮೇಷ್ಟ್ರ ಪಕ್ಕ ಕೂತು ಹೇಳಿದ ಕಂಪಾಸಿಟರುಗಳಲ್ಲಿ ಒಬ್ಬರೂ ಈಗ ಉಳಿದಿಲ್ಲ. ಆ ಫ್ಲಾಪಿ ನನ್ನ ಮೇಜಿನ ಡ್ರಾಯರಿನಲ್ಲಿದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದೇನೆ. ತಟ್ಟೆ ಮೇಲೆ ಬೂಷ್ಟು ಹಿಡಿದಿದೆ ಅಂತ ಕಾಣುತ್ತದೆ. ನಿಮ್ಮಲ್ಲಿ ಯಾರಿಗಾದರೂ ಇಂಥದ್ದನ್ನು ಓದಿಸಿ ಗೊತ್ತಿದ್ದರೆ, ಅಥವಾ ಗೊತ್ತಿರುವವರು ಗೊತ್ತಿದ್ದರೆ, ಸಂಜೆ ಆರರ ಮೇಲೆ ಪ್ರೆಸ್ಸಿಗೆ ಬನ್ನಿ. ಭಾನುವಾರ ಮಾತ್ರ ಬಾಗಿಲು ಹಾಕಿರುತ್ತೆ.